ರಹದಾರಿ ಎಂಬ ಹಳೆಯ ಮಾತು

ಹೊಸೂರಿನಿಂದ ರಾಯಕೋಟೆಗೆ ಹೋಗುವ ಹಾದಿಯಲ್ಲಿ ಸಾನಮಾವಿನ ಕಾಡು ಸಿಗುತ್ತದೆ. ಈ ಹಾದಿಯನ್ನು ಬಲ್ಲ ವಾಚಕ ಬಂಧುಗಳು ತಾವು ಆಡುವ ಕೆಲವು ಮಾತುಗಳನ್ನು ಒಮ್ಮೆ ನೆನೆಯಬೇಕು: ಸರಹದ್ದು, ರಹದಾರಿ, ಬಂದರು, ಸವಾರ, ಲಗಾಮು. ಇವೆಲ್ಲವೂ ಪಾರಸಿಯ ಮೂಲಕ ಕನ್ನಡಕ್ಕೆ ಬಂದು ನಮ್ಮವೇ ಆಗಿಹೋದ ಮಾತುಗಳು. ಗಡಿ, ಕಾವಲು, ವ್ಯಾಪಾರ ಇವು ಮೂರೂ ಒಂದಕ್ಕೊಂದು ಹೊಂದಿಕೊಂಡಿವೆಯೆಂಬುದನ್ನು ಈ ಮಾತುಗಳೇ ಸಾರುತ್ತವೆ.

ಪಾರಸಿಕ ಕೊಲ್ಲಿಯ ದಡದಲ್ಲಿ ಬುಶೆಹರ್ ಎಂಬ ಬಂದರು ಉಂಟು. ಈಸ್ಟ್ ಇಂಡಿಯಾ ಕಂಪೆನಿಯು 1763ರಲ್ಲಿ ಅಲ್ಲಿ ಕೋಠಿಯನ್ನು ತೆರೆಯಿತು. ವ್ಯಾಪಾರಕ್ಕೆಂದು ಹೋದ ಕಂಪೆನಿಯು ಕ್ರಮೇಣ ಕಡಲಿನ ಕಾವಲನ್ನೂ ಕೈಗೆತ್ತಿಕೊಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳ ಕ್ವಾರಂಟೈನು ಕೂಡ ರೆಸಿಡೆನ್ಸಿಯ ವೈದ್ಯರ ಕೈಗೆ ಬಂದಿತು. ಈ ಕಟ್ಟಳೆಯು ರೋಗವನ್ನು ತಡೆಯಲಿಕ್ಕೋ ಅಧಿಕಾರವನ್ನು ಬೆಳೆಸಲಿಕ್ಕೋ ಎಂಬ ಶಂಕೆಯೂ ಅದರೊಡನೆಯೇ ಹುಟ್ಟಿತು.

ಕೊಲ್ಲಿಯಿಂದ ಹಡಗು ಹತ್ತಿದ ಕುದುರೆಗಳಿಗೆ ನಮ್ಮ ನಾಡಿನಲ್ಲಿ ಬಹಳ ಬೇಡಿಕೆಯಿದ್ದಿತು. 1824ರಲ್ಲಿ ಶಿರಾಜ್ ಪಟ್ಟಣದ ಆಗಾ ಅಲಿ ಅಸ್ಕರ್ ಎಂಬ ತರುಣನು ಕುದುರೆಗಳೊಡನೆ ಬೆಂಗಳೂರಿಗೆ ಬಂದು ಅಲ್ಲಿಯೇ ನೆಲೆಸಿದನು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಈತನ ಮೊಮ್ಮಗ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲೂ, 1799ರಲ್ಲಿ ಟಿಪ್ಪುವಿನ ಪತನಾನಂತರ ಹೊಸೂರು ಸೀಮೆಯೂ ಕಂಪೆನಿಗೆ ಸೇರಿದ್ದವು. ಸೈನ್ಯಕ್ಕೆ ಕುದುರೆಗಳನ್ನು ಒದಗಿಸುವ ರಿಮೌಂಟ್ ಡಿಪೊ ಹೊಸೂರಿನ ಬಳಿಯ ಮತ್ತಿಗಿರಿಯಲ್ಲಿ ನೆಲೆಗೊಂಡಿತು. ಅದೇ ನೆಲದಲ್ಲಿ ಮುಂದೆ ಜಾನುವಾರು ಸಾಕಣೆಯ ಸರಕಾರೀ ಕ್ಷೇತ್ರವು ಬೆಳೆಯಿತು.

ಆದರೆ ಹಾದಿಯು ಸರಕನ್ನು ಮಾತ್ರವೇ ತರುವುದಿಲ್ಲ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡ ಪ್ಲೇಗು 1896ರಲ್ಲಿ ಮುಂಬಯಿಯನ್ನು ಮುಟ್ಟಿತು. 1898ರ ಆಗಸ್ಟ್ ತಿಂಗಳಲ್ಲಿ ರೈಲುಹಾದಿ ಹಿಡಿದು ಬೆಂಗಳೂರಿಗೆ ಬಂದಿತು. ಹೊಸೂರು ಅಲ್ಲಿಂದ ಕೇವಲ 25 ಮೈಲಿ. ಮದರಾಸು ಪ್ರಾಂತದ ಸರಕಾರವು ಸೋಂಕಿನ ಊರುಗಳಿಂದ ಬರುವವರಿಗೆ ಪ್ಲೇಗಿನ ರಹದಾರಿಯನ್ನು ವಿಧಿಸಿತು. ಅದನ್ನು ಪಡೆದವನು ತಾನು ತಲುಪಿದ ಊರಿನಲ್ಲಿ ನಿಯಮಿತ ದಿನಗಳವರೆಗೆ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಮಗಳನ್ನು ಮೈಸೂರು ಸೀಮೆಗೆ ಕೊಟ್ಟು, ಸೊಸೆಯನ್ನು ಅಲ್ಲಿಂದಲೇ ತಂದ ಮನೆಗಳಿಗೆ ಇದು ಸಣ್ಣ ಸಂಕಟವಾಗಿರಲಾರದು.

ಕಟ್ಟಳೆ ಬೇಡವಾಗಿತ್ತೆಂದು ಹೇಳುವಂತಿಲ್ಲ. ಆದರೆ ಕಟ್ಟಳೆಯು ಭಯವಾಗಿ ಮನೆಹೊಕ್ಕಾಗ ಜನರು ರೋಗಿಯನ್ನೇ ಬಚ್ಚಿಡುತ್ತಾರೆ. ಪುಣೆಯಲ್ಲಿ ಸೋಲ್ಜರುಗಳು ಮನೆಮನೆಯನ್ನು ಶೋಧಿಸಿದ ಪರಿಣಾಮವಾಗಿ ಎದ್ದ ಆಕ್ರೋಶವು 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರಾಂಡನ ಮೇಲಿನ ಗುಂಡಿನ ದಾಳಿಯಲ್ಲಿ ಮುಗಿಯಿತು. ಇತ್ತ ನಮ್ಮ ಹಳ್ಳಿಗರು ಇಲಿ ಬಿದ್ದೊಡನೆಯೇ ಊರು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಯ ಚಿಗಟವೇ ಪ್ಲೇಗನ್ನು ಹರಡುವುದೆಂದು ಸೀಮೋನ್ ಎಂಬ ಫ್ರೆಂಚ್ ವೈದ್ಯನು 1898ರಲ್ಲಿ ಹೇಳಿದ ಮಾತನ್ನು ಅವರು ಕೇಳಿರಲಿಲ್ಲ. ಆದರೂ ಅವರ ನಡೆಯು ಸರಿಯಾಗಿಯೇ ಇದ್ದಿತು. ಕಾರಣ ಮನದಟ್ಟಾದಲ್ಲಿ ಜನರು ತಾವಾಗಿಯೇ ಕಷ್ಟವನ್ನು ಒಪ್ಪಿಕೊಳ್ಳುತ್ತಾರೆ.

ಈ ಪಾಠವನ್ನು ನಾವು ಮರೆತೆವೆಂಬುದಕ್ಕೆ 2020ನೆಯ ಇಸವಿಯೇ ಸಾಕ್ಷಿ. ಕೊರೊನಾ ಭಯದಿಂದ ಆ ವರ್ಷ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಹಾದಿಗಳು ಮುಚ್ಚಿದವು. ಕೆಲವೆಡೆ ಮಣ್ಣಿನ ರಾಶಿ ಬಿದ್ದಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಹಲವು ರೋಗಿಗಳು ಅಲ್ಲಿಗೆ ತಲುಪಲಾರದೆ ಅಸುನೀಗಿದರು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ಹಾದಿಯನ್ನು ತೆರೆಸಲು ಆಜ್ಞಾಪಿಸಿತು. ತುರ್ತು ರೋಗಿಗಳನ್ನು ಬಿಡುವ ಕ್ರಮವು ನಿಶ್ಚಯವಾದುದನ್ನು ಏಪ್ರಿಲ್ 7ರಂದು ಸರ್ವೋಚ್ಚ ನ್ಯಾಯಾಲಯವು ದಾಖಲಿಸಿಕೊಂಡಿತು. ಅಷ್ಟರಲ್ಲಿ ಹೋದ ಜೀವಗಳು ಮರಳಿ ಬರಲಿಲ್ಲ. ಸೋಂಕನ್ನು ತಡೆಯುವ ಬೇಲಿಯಲ್ಲಿ ರೋಗಿಗೊಂದು ಬಾಗಿಲನ್ನು ಇಡಬೇಕೆಂಬ ವಿವೇಕವು ಬೇಲಿ ಹಾಕುವಾಗಲೇ ಇರಬೇಕಿತ್ತು.

ಸಾನಮಾವಿನವರಿಗೆ ಇದು ಹೊಸ ಮಾತಲ್ಲ. ಚಳಿಗಾಲದಲ್ಲಿ, ರಾಗಿ ಬಲಿಯುವ ಹೊತ್ತಿಗೆ, ಬನ್ನೇರುಘಟ್ಟ ಮತ್ತು ಜವಳಗಿರಿಯ ಕಡೆಯಿಂದ ಆನೆಗಳ ಹಿಂಡು ಈ ಕಾಡಿಗೆ ಬರುತ್ತದೆ. ಆನೆಗೆ ಗಡಿಯಿಲ್ಲ, ರಹದಾರಿಯೂ ಇಲ್ಲ. ಹಿಂಡು ಎಲ್ಲಿದೆಯೆಂಬ ಸುದ್ದಿಯು ಸಕಾಲದಲ್ಲಿ, ತಿಳಿಯುವ ಮಾತಿನಲ್ಲಿ ಊರಿಗೆ ಮುಟ್ಟಿದರೆ ಆಳೂ ಉಳಿಯುತ್ತಾನೆ, ಆನೆಯೂ ಉಳಿಯುತ್ತದೆ.

ತಮಿಳು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುವ ನಮ್ಮ ಸೀಮೆಯಲ್ಲಿ ಎಚ್ಚರಿಕೆಯ ಮಾತು ಮನೆಯ ಹಿರಿಯಳಿಗೂ ಅರ್ಥವಾಗಬೇಕು. ಆದುದರಿಂದ ಪ್ರತಿಯೊಂದು ಮನೆಯವರೂ ಒಂದು ಕೆಲಸವನ್ನು ಈಗಲೇ ಮಾಡಿಡುವುದು ಒಳಿತು: ಗಡಿಯ ಈಚೆಯದೊಂದು, ಆಚೆಯದೊಂದು ಆಸ್ಪತ್ರೆಯ ವಿವರವನ್ನೂ, ಹಿರಿಯರ ಔಷಧದ ಚೀಟಿಯನ್ನೂ ಕೈಗೆಟುಕುವಂತೆ ಇಟ್ಟಿರಿ. ಹಾದಿಯು ತೆರೆದಿರುವಾಗಲೇ ಈ ಯೋಚನೆ ನಡೆಯಬೇಕು. ಮುಚ್ಚಿದ ಮೇಲೆ ಉಳಿಯುವುದು ಓಡಾಟ ಮಾತ್ರ.