ಮುಂಗಡದ ಪುಸ್ತಕ ಯಾರ ಕೈಯಲ್ಲಿದೆ?

ಕೊಯ್ಲಿನ ಕಾಲ ಹತ್ತಿರವಾದಂತೆ ಬೆಳೆಗಾರರ ಮನೆಗಳಲ್ಲಿ ಕೇಳಿಬರುವ ಮೊದಲ ಮಾತು "ಆಳು ಸಿಕ್ಕಿದರೇ?" ಎಂಬುದು. ಎರಡನೆಯದು "ಮುಂಗಡ ಎಷ್ಟು ಕೊಟ್ಟಿರಿ?" ಎಂಬುದು. ಈ ಎರಡನೆಯ ಮಾತಿನ ಬಗ್ಗೆ ಸದಸ್ಯ ಬಾಂಧವರೊಡನೆ ಬಿಚ್ಚುಮನಸ್ಸಿನಿಂದ ವಿಚಾರ ಮಾಡಬೇಕೆಂದೇ ಈ ನಾಲ್ಕು ಮಾತು.

ಜೀತವೆಂಬುದು ಹಿಂದಿನ ಕಾಲದ್ದು, ಐದೆಕರೆ ಹತ್ತೆಕರೆಯ ನಮಗೆ ಸಂಬಂಧಪಡದ್ದು ಎಂದು ನಾವು ತಿಳಿದಿದ್ದೇವೆ. ಆದರೆ ಅದು ಅಷ್ಟು ದೂರದ್ದೂ ಅಲ್ಲ, ಅಷ್ಟು ಹಳೆಯದೂ ಅಲ್ಲ. ಕುಟ್ಟದಿಂದಾಚೆ ವಯನಾಡಿನ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಪಣಿಯರನ್ನೂ ಅಡಿಯರನ್ನೂ ಜಮೀನುದಾರರು ಅಲ್ಪ ಹಣ ಕೊಟ್ಟು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ಅಲ್ಲಿ ಅಡಿಯರೆನಿಸಿಕೊಂಡವರೇ ನಮ್ಮಲ್ಲಿ ಎರವರು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ಗುಡಿಸಲುಗಳನ್ನು ತೆರವು ಮಾಡಿದಾಗ, ತೋಟಗಳ ಲೈನ್ ಮನೆ ಬಿಟ್ಟು ಬಂದ ಗಿರಿಜನರು ಅಲ್ಲಿ ಬಹಳ ಮಂದಿ ಇದ್ದರೆಂಬುದು ನಾಡಿಗೆಲ್ಲ ತಿಳಿಯಿತು. ತಲೆಮಾರುಗಟ್ಟಲೆ ತೋಟದಲ್ಲಿ ದುಡಿದವರಿಗೆ ತಮ್ಮದೆನ್ನುವ ಒಂದು ಸೂರು ಇರಲಿಲ್ಲವೆಂಬುದು ನಾವು ಯೋಚಿಸಬೇಕಾದ ಸಂಗತಿ.

ಕಾಯಿದೆ ಏನನ್ನುತ್ತದೆ? ಜೀತ ಪದ್ಧತಿ ರದ್ದತಿ ಕಾಯಿದೆ 1976ರಲ್ಲಿ ಬಂತು. 1975ರ ಅಕ್ಟೋಬರ್ 25ರಿಂದಲೇ ಅನ್ವಯವಾಯಿತು. ಜೀತದ ಸಾಲವೆಲ್ಲ ಅಂದಿಗೆ ವಜಾ ಆಯಿತು. ಜೀತ ಮಾಡಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸವುಂಟು. ಇಲ್ಲಿ ಜೀತವೆಂದರೆ ಸಂಕೋಲೆ ಹಾಕಿ ಕೂಡಿಹಾಕುವುದು ಮಾತ್ರವಲ್ಲ. ಮುಂಗಡ ಪಡೆದ ಕಾರಣಕ್ಕೆ ಆಳು ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೆ, ಇಲ್ಲವೇ ಕನಿಷ್ಠ ಕೂಲಿಗೂ ಕಡಿಮೆಗೆ ದುಡಿಯಬೇಕಾದರೆ, ಅದೂ ಜೀತವೇ. ಕನಿಷ್ಠ ಕೂಲಿ ಕೊಡದೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟು 1982ರಲ್ಲಿ ತೀರ್ಪಿತ್ತಿದೆ.

ಇನ್ನೊಂದು ಅಂಶ ಬಹಳ ಜನರಿಗೆ ತಿಳಿಯದು. ಇದು ಜೀತದ ಸಾಲವೆಂದು ಆಳು ದೂರಿದರೆ, ಅಲ್ಲವೆಂದು ರುಜುವಾತುಪಡಿಸುವ ಹೊಣೆ ಹಣ ಕೊಟ್ಟವನದು. ಲೆಕ್ಕವೆಲ್ಲ ಸಾಹುಕಾರರ ತಲೆಯಲ್ಲೋ ಮೇಸ್ತ್ರಿಯ ಚೀಟಿಯಲ್ಲೋ ಇದ್ದರೆ ನಾವು ಏನನ್ನು ತೋರಿಸುವುದು?

ಬೆಳೆಗಾರನ ಕಷ್ಟವೂ ಸುಳ್ಳಲ್ಲ. ಸಾವಿರಾರು ರೂಪಾಯಿ ಮುಂಗಡ ಪಡೆದು ರಾತ್ರೋರಾತ್ರಿ ಹೋದವರಿದ್ದಾರೆ. ಹಣ್ಣು ಗಿಡದಲ್ಲೇ ಒಣಗಿ ಉದುರಿದ ನಷ್ಟವನ್ನು ನಾವೇ ಅನುಭವಿಸಿದ್ದೇವೆ. ಆದರೆ ಆ ನಷ್ಟಕ್ಕೆ ಪರಿಹಾರವೆಂದು ಅಸ್ಸಾಮಿನಿಂದ ಬಂದ ಹುಡುಗನ ಆಧಾರ್ ಕಾರ್ಡನ್ನು ಬೀರುವಿನಲ್ಲಿಟ್ಟುಕೊಳ್ಳುವುದು, ತಂದೆಯ ಬಾಕಿಯನ್ನು ಮಗನ ಹೆಸರಿಗೆ ಬರೆಯುವುದು, ಬಾಕಿ ತೀರುವ ತನಕ ಲೈನ್ ಬಿಟ್ಟು ಹೋಗಬೇಡವೆನ್ನುವುದು, ಇವು ಯಾವುವೂ ನ್ಯಾಯವಲ್ಲ. ಒಬ್ಬನಿಗೆ ಎರಡು ವರ್ಷ ದುಡಿದರೂ ತೀರದಷ್ಟು ಮುಂಗಡ ಕೊಟ್ಟು, ಅವನು ಓಡಿದನೆಂದು ದೂರುವುದರಲ್ಲಿ ನಮ್ಮ ತಪ್ಪೂ ಅರ್ಧವಿದೆ.

ಪೇಟೆಯ ಮಾತಿಗೆ ಬರೋಣ. ಕಾಫಿ ಮಂಡಳಿಯ ಪೂಲ್ ಇದ್ದಾಗ ಕಾಫಿ ಯಾರ ತೋಟದ್ದೆಂದು ಹೊರದೇಶದವರು ನಮ್ಮನ್ನು ಕೇಳುತ್ತಿರಲಿಲ್ಲ. 1996ರಲ್ಲಿ ಆ ವ್ಯವಸ್ಥೆ ಪೂರ್ತಿ ಮುಗಿಯಿತು. ನಮ್ಮ ದೇಶದ ಕಾಫಿಯ ಹೆಚ್ಚಿನ ಪಾಲು ಹೋಗುವುದು ಹೊರಕ್ಕೆ, ಅದರಲ್ಲೂ ಯುರೋಪಿಗೆ. ಬಲವಂತದ ದುಡಿಮೆಯಿಂದಾದ ಸರಕನ್ನು ತಡೆಯುವ ಕಾಯಿದೆಯನ್ನು ಯುರೋಪಿನ ಒಕ್ಕೂಟ 2024ರಲ್ಲಿ ಮಾಡಿದೆ. ಅದು ಅನ್ವಯವಾಗುವುದು 2027ರ ಡಿಸೆಂಬರ್‌ನಿಂದ. ಬ್ರೆಜಿಲಿನಲ್ಲಿ ಜೀತದಂಥ ಸ್ಥಿತಿಯಲ್ಲಿ ದುಡಿಸಿದ ಮಾಲೀಕರ ಹೆಸರುಗಳನ್ನು ಸರ್ಕಾರವೇ ಪಟ್ಟಿಮಾಡಿ ಪ್ರಕಟಿಸುತ್ತದೆ. ಅದರಲ್ಲಿ ಕಾಫಿ ತೋಟದವರೂ ಇದ್ದಾರೆ. ಕ್ಯೂರಿಂಗ್ ವರ್ಕ್ಸಿನಲ್ಲಿ ಹತ್ತು ಮನೆಯ ಪಾರ್ಚ್‌ಮೆಂಟ್ ಒಂದಾಗಿ ಬೆರೆಯುತ್ತದೆ. ಒಂದು ಮನೆಯ ಕಳಂಕ ಒಂಬತ್ತು ಮನೆಗೂ ತಗಲುತ್ತದೆ.

ನಾವು ಮಾಡಬೇಕಾದ್ದು ಕಷ್ಟದ್ದೇನಲ್ಲ. ಮುಂಗಡ, ಕೂಲಿ, ಕಡಿತ ಮೂರನ್ನೂ ಎರಡು ಪುಸ್ತಕದಲ್ಲಿ ಬರೆದು ಒಂದನ್ನು ಆಳಿನ ಕೈಗೇ ಕೊಡಬೇಕು. ಓದಲು ಬಾರದವರಿಗೆ ಅವರು ನಂಬುವವರ ಎದುರಿನಲ್ಲಿ ಓದಿಹೇಳಬೇಕು. ಮುಂಗಡ ಒಂದು ಕೊಯ್ಲಿನಲ್ಲಿ ಸುಲಭವಾಗಿ ತೀರುವಷ್ಟೇ ಇರಲಿ. ಗುರುತಿನ ಕಾಗದ ನೋಡಿ ಕೂಡಲೇ ಹಿಂದಿರುಗಿಸೋಣ. ಮೇಸ್ತ್ರಿಯ ಕಮಿಷನ್ ಬೇರೆ ಕೊಟ್ಟು, ಕೂಲಿಯನ್ನು ದುಡಿದವರ ಕೈಗೋ ಬ್ಯಾಂಕಿನ ಖಾತೆಗೋ ನೇರವಾಗಿ ಸಲ್ಲಿಸೋಣ. ಅಡಿಕೆ ಫಸಲನ್ನು ಗುತ್ತಿಗೆಗೆ ಕೊಟ್ಟವರು, ಸುಲಿಯಲು ಬಂದ ಹೆಂಗಸರಿಗೆ ಗುತ್ತಿಗೆದಾರ ಏನು ಕೊಡುತ್ತಾನೆಂದು ಒಮ್ಮೆ ವಿಚಾರಿಸಬೇಕು. ನಮ್ಮ ಅಂಗಳದಲ್ಲಿ ನಡೆಯುವುದಕ್ಕೆ ನಾವು ಹೊಣೆಯಲ್ಲವೆನ್ನಲಾಗದು.

ಸಂಘವೂ ಸುಮ್ಮನಿರಬಾರದು. ಕೂಲಿಯವರ ಮನೆಯ ಕಾಯಿಲೆಗೆ, ಮದುವೆಗೆ, ಸಾವಿಗೆ ಸಣ್ಣ ಸಾಲ ದೊರೆಯುವಂತೆ ಒಂದು ನಿಧಿಯನ್ನು ಇಡಬಹುದು. ಗಿರಿಜನರ ಲ್ಯಾಂಪ್ಸ್ ಸಂಘಗಳು ಜಿಲ್ಲೆಯಲ್ಲಿವೆ. ಅವುಗಳೊಡನೆ ಕೂಡಿ ಮಾಡಿದರೆ ಇನ್ನೂ ಒಳ್ಳೆಯದು. ಕಷ್ಟಕಾಲದಲ್ಲಿ ಧಣಿಯೊಬ್ಬನ ಬಾಗಿಲಲ್ಲೇ ಕೈಚಾಚಬೇಕಾಗಿರುವ ತನಕ ಜೀತದ ಬೇರು ಸಾಯುವುದಿಲ್ಲ. ನಾವು ಕೂಡ ಒಂದು ಕಾಲಕ್ಕೆ ಲೇವಾದೇವಿಯವರ ಹಿಡಿತದಿಂದ ಪಾರಾಗಲೆಂದೇ ಸಹಕಾರ ಸಂಘ ಕಟ್ಟಿಕೊಂಡವರಲ್ಲವೇ?

ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ. ಅದಕ್ಕೂ ಮುನ್ನ, ಈ ಸಲದ ಕೊಯ್ಲಿಗೆ ಬುಟ್ಟಿ, ಚೀಲ ತರುವಾಗ ಪ್ರತಿಯೊಬ್ಬ ಸದಸ್ಯರೂ ಆಳಿಗೊಂದರಂತೆ ಪುಸ್ತಕವನ್ನೂ ತರಲೆಂದು ಕೋರುತ್ತೇವೆ.