ರಸ್ತೆ ಮೊದಲು ಬಾಯಿಬಿಡುವುದು ಜಾಯಿಂಟಿನಲ್ಲಿ

ಡಾಂಬರು ಹಾಕಿ ಎರಡು–ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಎಷ್ಟೋ ರಸ್ತೆಗಳ ನಡುವಿನ ಬಿಳಿ ಗೆರೆಯ ಪಕ್ಕ ಉದ್ದಕ್ಕೂ ಒಂದು ಸೀಳು ಕಾಣಿಸಿಕೊಳ್ಳುತ್ತದೆ. ಚಕ್ರಗಳು ಅಷ್ಟಾಗಿ ಹಾಯದ ಜಾಗ ಅದು. ಹಾಗಾಗಿ ಲಾರಿಗಳ ಭಾರವನ್ನು ದೂರಿ ಪ್ರಯೋಜನವಿಲ್ಲ.

ಸಂಚಾರವನ್ನು ಪೂರ್ತಿ ನಿಲ್ಲಿಸುವಂತಿಲ್ಲದ ಕಡೆ ಮೊದಲು ಅರ್ಧ ರಸ್ತೆ, ಆಮೇಲೆ ಇನ್ನರ್ಧ ಎಂಬ ಲೆಕ್ಕದಲ್ಲಿ ಕೆಲಸ ನಡೆಯುತ್ತದೆ. ಮೊದಲು ಹಾಕಿದ ಭಾಗದ ಅಂಚಿಗೆ ಪಕ್ಕದಲ್ಲಿ ಆಸರೆ ಇರುವುದಿಲ್ಲ. ರೋಲರ್ ಹಾಯ್ದಾಗ ಬಿಸಿ ಮಿಶ್ರಣ ಗಟ್ಟಿಯಾಗುವ ಬದಲು ಹೊರಕ್ಕೆ ಜರುಗುತ್ತದೆ. ಮರುದಿನ ಅದಕ್ಕೆ ತಾಗಿಸಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಹೊಸ ಮಿಶ್ರಣ ಸುರಿದರೂ ತಣ್ಣಗಾದ ಅಂಚು ಅದರ ಜತೆ ಬೆರೆಯದು. ಇದರ ಮೇಲೆ ಇನ್ನೊಂದು ಎಡವಟ್ಟು: ಮಿಶ್ರಣ ಹಾಸುವ ಪೇವರ್ ಯಂತ್ರದ ಹಿಂದೆ ನಡೆಯುವ ಕಾರ್ಮಿಕ, ಅಂಚಿನ ಮೇಲೆ ಉಬ್ಬಿಕೊಂಡ ಮಿಶ್ರಣವನ್ನು ‘ನೀಟಾಗಿ ಕಾಣಲಿ’ ಎಂದು ರೇಕ್‌ನಿಂದ ಎಳೆದು ಆಚೆ ಹರಡಿಬಿಡುತ್ತಾನೆ. ಎರಡು ಅರ್ಧಗಳು ಕೂಡುವ ಜಾಯಿಂಟಿನಲ್ಲಿ ಒತ್ತಿ ಕೂರಬೇಕಿದ್ದದ್ದು ಆ ಹೆಚ್ಚುವರಿ ಮಿಶ್ರಣವೇ.

ಹೀಗೆ ಸರಿಯಾಗಿ ಗಟ್ಟಿಯಾಗದ ಜಾಯಿಂಟಿನ ರಂಧ್ರಗಳಲ್ಲಿ ಉಳಿಯುವ ಗಾಳಿಗೆ ಬೆಲೆ ತೆರಬೇಕಾಗುತ್ತದೆ. ಡಾಂಬರು ಪದರದಲ್ಲಿ ಗಾಳಿಯ ಪ್ರಮಾಣ ಶೇ 7 ದಾಟಿದ ಮೇಲೆ ಹೆಚ್ಚುವ ಪ್ರತಿ ಶೇ 1ಕ್ಕೂ ರಸ್ತೆಯ ಆಯಸ್ಸು ಸುಮಾರು ಶೇ 10ರಷ್ಟು ಕುಗ್ಗುತ್ತದೆ ಎಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಎಂಜಿನಿಯರುಗಳು 1989ರಲ್ಲೇ ಅಂದಾಜಿಸಿದ್ದರು. ರಂಧ್ರಗಳು ಒಂದಕ್ಕೊಂದು ಕೂಡಿಕೊಂಡರೆ ನೀರು ಸಲೀಸಾಗಿ ಒಳಗಿಳಿಯುತ್ತದೆ, ಜಲ್ಲಿಗೆ ಅಂಟಿದ ಬಿಟುಮೆನ್ ಬಿಡುತ್ತದೆ, ಕಲ್ಲುಗಳು ಒಂದೊಂದಾಗಿ ಏಳುತ್ತವೆ.

ಅಮೆರಿಕದ್ದೇ ಆದ ಇಲಿನಾಯ್ ರಾಜ್ಯದ ಸಾರಿಗೆ ಇಲಾಖೆ ಈ ಸಮಸ್ಯೆಯನ್ನು ಕೆಳಗಿನಿಂದ ಬಗೆಹರಿಸಲು ಹೊರಟಿತು. ಜಾಯಿಂಟ್ ಬರುವ ಜಾಗದಲ್ಲಿ ಮೊದಲೇ ಸುಮಾರು 45 ಸೆಂ.ಮೀ. ಅಗಲಕ್ಕೆ ಪಾಲಿಮರ್ ಬೆರೆಸಿದ ಬಿಟುಮೆನ್‌ನ ದಪ್ಪ ಪಟ್ಟಿ ಬಳಿದು, ಅದರ ಮೇಲೆ ಡಾಂಬರು ಹಾಸುವ ವಿಧಾನ ಅದು. ಬಿಸಿಗೆ ಕರಗಿದ ಪಟ್ಟಿ ಮೇಲೇರಿ ರಂಧ್ರಗಳನ್ನು ತುಂಬುತ್ತದೆ. 2000ದ ದಶಕದ ಆರಂಭದಲ್ಲಿ ಹಾಕಿದ ಪ್ರಾಯೋಗಿಕ ರಸ್ತೆಗಳನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ, ಜಾಯಿಂಟಿನ ಬಾಳಿಕೆ 3ರಿಂದ 5 ವರ್ಷ ಹೆಚ್ಚಿದೆ ಎಂಬ ತೀರ್ಮಾನಕ್ಕೆ ಇಲಾಖೆ ಬಂತು.

ಪೆನ್ಸಿಲ್ವೇನಿಯಾ ರಾಜ್ಯದ ದಾರಿ ಇನ್ನೂ ಸರಳ. ಅಲ್ಲಿ ಹೊಸ ವಸ್ತುವಿನ ಬದಲು ಬಿಲ್ ಪಾವತಿಯ ನಿಯಮ ಬದಲಾಯಿತು. ಜಾಯಿಂಟಿನ ನೆತ್ತಿಯಿಂದಲೇ ಕೋರ್, ಅಂದರೆ ಡಾಂಬರು ಪದರದ ಉರುಟು ತುಂಡು, ಕೊರೆದು ತೆಗೆದು ಸಾಂದ್ರತೆ ಅಳೆಯುತ್ತಾರೆ. ಗಾಳಿಯೇ ಇಲ್ಲದ ಮಿಶ್ರಣಕ್ಕೆ ಹೋಲಿಸಿದರೆ ಅದು ಶೇ 90ಕ್ಕಿಂತ ಕಡಿಮೆ ಬಂದರೆ ಗುತ್ತಿಗೆದಾರನಿಗೆ ಹಣ ಕಡಿತ, ಚೆನ್ನಾಗಿದ್ದರೆ ಬೋನಸ್. ಕೆಲವೇ ವರ್ಷಗಳಲ್ಲಿ ಸರಾಸರಿ ಆ ಮಟ್ಟ ದಾಟಿತು. ಹಣದ ಪ್ರಶ್ನೆ ಬಂದಾಗ ಕೈಕೆಲಸ ಸುಧಾರಿಸಿತು.

ಭಾರತದಲ್ಲಿ ನಿಯಮಗಳೇ ಇಲ್ಲ ಎನ್ನುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಗಳಲ್ಲಿ ಎಲ್ಲವೂ ಬರೆದಿದೆ. ಮೇಲಿನ ಪದರದ ಜಾಯಿಂಟ್ ಕೆಳಗಿನದರಿಂದ ಕನಿಷ್ಠ 300 ಮಿ.ಮೀ. ಸರಿದಿರಬೇಕು. ಎರಡು ಪೇವರ್‌ಗಳನ್ನು ಅಕ್ಕಪಕ್ಕದಲ್ಲಿ, ಒಂದು ತುಸು ಮುಂದೆ ಇನ್ನೊಂದು ತುಸು ಹಿಂದೆ ಇರುವಂತೆ ಓಡಿಸಿ ಬಿಸಿಯಲ್ಲೇ ಜೋಡಿಸಬೇಕು. ಇಲ್ಲವೇ ಅಂಚನ್ನು ಹೀಟರ್‌ನಿಂದ ಕಾಯಿಸಬೇಕು. ಅದೂ ಆಗದಿದ್ದರೆ ಸಡಿಲ ಅಂಚನ್ನು ನೆಟ್ಟಗೆ ಕತ್ತರಿಸಿ ತೆಗೆದು, ಆ ಮುಖಕ್ಕೆ ಬಿಟುಮೆನ್ ಬಳಿಯಬೇಕು. ಮೂರನೆಯದಕ್ಕೆ ದುಬಾರಿ ಯಂತ್ರವೇನೂ ಬೇಡ. ಆದರೆ ಹಾಕಿದ ಡಾಂಬರನ್ನೇ ಕತ್ತರಿಸಿ ಎಸೆಯಲು ಯಾವ ಗುತ್ತಿಗೆದಾರನಿಗೆ ಮನಸ್ಸು ಬಂದೀತು, ಯಾರೂ ಅಳೆಯದಿದ್ದಾಗ?

ಬೆಂಗಳೂರಿನಂಥ ಊರಿನಲ್ಲಿ ಇದು ಇನ್ನಷ್ಟು ಗೋಜಲು. ನೀರಿನ ಕೊಳವೆಗೋ ಕೇಬಲ್‌ಗೋ ರಸ್ತೆ ಅಗೆದು ಮುಚ್ಚಿದಲ್ಲೆಲ್ಲ ಎರಡು ಬದಿಗೂ ಹೊಸ ಜಾಯಿಂಟ್ ಹುಟ್ಟುತ್ತದೆ, ಅದೂ ಹೆಚ್ಚಾಗಿ ಚಕ್ರಗಳ ಹಾದಿಯಲ್ಲೇ.

ಕೋರ್ ಅನ್ನು ಲೇನ್‌ನ ನಡುಮಧ್ಯದಿಂದಷ್ಟೇ ತೆಗೆದರೆ ಜಾಯಿಂಟಿನ ಸ್ಥಿತಿ ವರದಿಯಲ್ಲಿ ಬರುವುದೇ ಇಲ್ಲ. ಇಲಿನಾಯ್ ಪಟ್ಟಿಯನ್ನು ತರಿಸುವ ಮಾತು ಆಮೇಲಿರಲಿ. ಟೆಂಡರಿನಲ್ಲಿ ಜಾಯಿಂಟಿನ ಸಾಂದ್ರತೆಗೆ ಪ್ರತ್ಯೇಕ ಸಾಲು ಸೇರಿಸಿ, ಅಂತಿಮ ಬಿಲ್ ಪಾಸಾಗುವ ಮುನ್ನ ಅಲ್ಲಿಂದಲೂ ಕೋರ್ ತೆಗೆಸಲು ಲೋಕೋಪಯೋಗಿ ಇಲಾಖೆಗೂ ನಗರಾಡಳಿತಕ್ಕೂ ಒಂದು ಸುತ್ತೋಲೆ ಸಾಕು.