ದಾಳಿ ಹೆಲಿಕಾಪ್ಟರು ಯಾರ ಅಧೀನದಲ್ಲಿರಬೇಕು?

ಕಾಲಾಳು ಪಡೆಗೆ ಆಸರೆಯಾಗಿ ಆಕಾಶದಿಂದ ರಾಕೆಟ್, ಗುಂಡುಗಳನ್ನು ಸುರಿಸುವ ದಾಳಿ ಹೆಲಿಕಾಪ್ಟರು ಭೂಸೇನೆಗೆ ಸೇರಬೇಕೇ, ವಾಯುಪಡೆಗೆ ಸೇರಬೇಕೇ? ದಶಕಗಳಿಂದ ಪೂರ್ಣವಾಗಿ ಇತ್ಯರ್ಥವಾಗದ ಈ ಪ್ರಶ್ನೆಗೆ ಕರ್ನಾಟಕದ ನಂಟೂ ಇದೆ. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯವು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಿಂದ 156 ‘ಪ್ರಚಂಡ’ ಲಘು ಹೆಲಿಕಾಪ್ಟರುಗಳನ್ನು ಕೊಳ್ಳಲು ಸುಮಾರು 62,700 ಕೋಟಿ ರೂಪಾಯಿಗಳ ಒಪ್ಪಂದಕ್ಕೆ ಸಹಿ ಹಾಕಿತು. ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗುವ ಇವುಗಳಲ್ಲಿ 90 ಭೂಸೇನೆಗೆ, 66 ವಾಯುಪಡೆಗೆ. ನೆರೂಳ ಮೊದಲಾದ ಕಡೆ ನೆಲೆಸಿರುವ ನಾವು ತವರಿನ ಈ ಸಾಧನೆಗೆ ಹೆಮ್ಮೆಪಡುವುದು ಸಹಜ. ಆದರೆ ಹಂಚಿಕೆಯ ಹಿಂದಿನ ವ್ಯಾಜ್ಯವನ್ನೂ ನಾವು ಅರಿಯಬೇಕು.

ಹಿಂದೆ ಫಿರಂಗಿ ದಳದ ಅಂಗವಾಗಿದ್ದ ಭೂಸೇನೆಯ ವೈಮಾನಿಕ ಶಾಖೆಯು 1986ರ ನವೆಂಬರ್ 1ರಂದು ಪ್ರತ್ಯೇಕ ದಳವಾಯಿತು. ಆದರೂ ರಷ್ಯನ್ ನಿರ್ಮಿತ ದಾಳಿ ಹೆಲಿಕಾಪ್ಟರುಗಳು ವಾಯುಪಡೆಯಲ್ಲೇ ಉಳಿದವು.

1999ರ ಕಾರ್ಗಿಲ್ ಸಮರದಲ್ಲಿ ಈ ಭಿನ್ನಾಭಿಪ್ರಾಯ ತೀವ್ರವಾಯಿತು. ಶಿಖರಗಳನ್ನು ಏರಬೇಕಾದ ಯೋಧರಿಗೆ ಶಸ್ತ್ರಸಜ್ಜಿತ ಹೆಲಿಕಾಪ್ಟರುಗಳ ನೆರವು ಬೇಕೆಂದು ಭೂಸೇನೆ ಕೇಳಿತು. ಅಷ್ಟು ಎತ್ತರದಲ್ಲಿ ಅವು ಶತ್ರುವಿನ ಕ್ಷಿಪಣಿಗೆ ಸುಲಭವಾಗಿ ತುತ್ತಾಗುವುವೆಂದು ವಾಯುಪಡೆ ಎಚ್ಚರಿಸಿತು. ಮೇ 26ರಂದು ವಾಯುದಾಳಿ ಆರಂಭವಾಯಿತು. ಮೇ 28ರಂದು ಒಂದು ಎಂಐ-17 ಹೆಲಿಕಾಪ್ಟರು ಕ್ಷಿಪಣಿಗೆ ಬಲಿಯಾಗಿ ಅದರಲ್ಲಿದ್ದ ನಾಲ್ವರೂ ವೀರಮರಣವನ್ನಪ್ಪಿದರು. ಭೂಸೇನೆಯ ಅಗತ್ಯವೂ ನಿಜವಾಗಿತ್ತು, ವಾಯುಪಡೆಯ ಎಚ್ಚರಿಕೆಯೂ ನಿಜವಾಗಿತ್ತು. ಆ ಎತ್ತರಕ್ಕೆ ತಕ್ಕ ಯಂತ್ರವೇ ಆಗ ನಮ್ಮಲ್ಲಿರಲಿಲ್ಲ. 5,000 ಮೀಟರ್ ಎತ್ತರದಲ್ಲಿ ಇಳಿದು ಮೇಲೇರಬಲ್ಲ ‘ಪ್ರಚಂಡ’ ರೂಪುಗೊಂಡದ್ದು ಈ ಅನುಭವದಿಂದಲೇ.

ಮುಂದೆ ಕೊಳ್ಳುವ ದಾಳಿ ಹೆಲಿಕಾಪ್ಟರುಗಳು ಭೂಸೇನೆಗೆ ಸೇರಬೇಕೆಂದು 2012ರಲ್ಲಿ ಸರ್ಕಾರ ನಿರ್ಧರಿಸಿತು. ಆಗ ಪ್ರಸ್ತಾಪದಲ್ಲಿದ್ದ 22 ಅಪಾಚೆಗಳನ್ನು ಮಾತ್ರ ವಾಯುಪಡೆಗೆ ಬಿಟ್ಟುಕೊಟ್ಟಿತು. ಭೂಸೇನೆಯ ಆರು ಅಪಾಚೆಗಳಿಗೆ 2020ರಲ್ಲಿ ಒಪ್ಪಂದವಾಗಿ, 2025ರಲ್ಲಿ ಅವು ಭಾರತವನ್ನು ತಲುಪಿದವು. ಈಗ ‘ಪ್ರಚಂಡ’ವೂ ಎರಡು ಪಾಲಾಗಿದೆ. ಒಂದೇ ಯಂತ್ರಕ್ಕೆ ಎರಡು ತರಬೇತಿ, ಎರಡು ಬಿಡಿಭಾಗಗಳ ಉಗ್ರಾಣ ಏರ್ಪಟ್ಟರೆ ಅದರ ಭಾರ ಹೊರುವವರು ತೆರಿಗೆದಾರರೇ.

ಅಮೆರಿಕದಲ್ಲಿಯೂ ಇಂಥ ವಿವಾದವಿತ್ತು. 1966ರಲ್ಲಿ ಅಲ್ಲಿನ ಉಭಯ ಸೇನಾ ಮುಖ್ಯಸ್ಥರು ಲಿಖಿತ ಒಡಂಬಡಿಕೆ ಮಾಡಿಕೊಂಡರು. ಭೂಸೇನೆ ತನ್ನ ಕ್ಯಾರಿಬೂ ಸಾರಿಗೆ ವಿಮಾನಗಳನ್ನು ಬಿಟ್ಟುಕೊಟ್ಟಿತು. ಯುದ್ಧರಂಗದ ಹೆಲಿಕಾಪ್ಟರುಗಳ ಮೇಲಿನ ಹಕ್ಕೊತ್ತಾಯವನ್ನು ವಾಯುಪಡೆ ಕೈಬಿಟ್ಟಿತು. ಕೊಟ್ಟು ಪಡೆದದ್ದರಿಂದ ಯಾರ ಹೊಣೆ ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಯಿತು.

ನಮ್ಮ ಅಭಿಪ್ರಾಯದಲ್ಲಿ, ನೆಲದ ಮೇಲೆ ಕಾದಾಡುವವನಿಗೆ ನಿಮಿಷಗಳಲ್ಲಿ ಬೇಕಾಗುವ ಅಸ್ತ್ರದ ಆಜ್ಞಾಧಿಕಾರ ನೆಲದ ಸೇನಾನಿಗೇ ಇರಬೇಕು. ತರಬೇತಿ, ದುರಸ್ತಿ, ಬಿಡಿಭಾಗಗಳು ಉಭಯರಿಗೂ ಸಾಮಾನ್ಯವಾಗಿರಲಿ. ವಾಯುಪಡೆಯ ‘ಪ್ರಚಂಡ’ 2022ರಲ್ಲಿ ಸೇರ್ಪಡೆಯಾದದ್ದೂ, ಭೂಸೇನೆಯ ಅಪಾಚೆ ದಳ 2024ರಲ್ಲಿ ಸ್ಥಾಪನೆಯಾದದ್ದೂ ಜೋಧಪುರದಲ್ಲೇ. ಇಂಥ ಸಹಕಾರಕ್ಕೆ ಅಲ್ಲಿಂದಲೇ ನಾಂದಿ ಹಾಡಬಹುದು. ಹೊಸ ಹೆಲಿಕಾಪ್ಟರುಗಳ ಪೂರೈಕೆ ಒಪ್ಪಂದದ ಮೂರನೆಯ ವರ್ಷದಿಂದ ಆರಂಭವಾಗಲಿದೆ. ಲಿಖಿತ ಒಡಂಬಡಿಕೆ ಅದಕ್ಕೆ ಮೊದಲೇ ಆಗಲಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಮಾತು ಗಡಿ ಕಾಯುವ ಯೋಧನ ಪಾಲಿಗೆ ನಿಜವಾಗಬಾರದು.